ಹನ್ನೊಂದು ಹೆಜ್ಜೆ ಒಳಗೆ

ನಮ್ಮ ಡ್ರಮ್‌ಕೀಲ ಕ್ಲಬ್ಬಿನ ಮೈದಾನ ಹನ್ನೊಂದು ಹೆಜ್ಜೆ ಗಿಡ್ಡ. ಲೀಟ್ರಿಮ್ ಕೌಂಟಿಗೆಲ್ಲ ಗೊತ್ತಿರುವ ಸಂಗತಿ ಇದು. ನಮ್ಮನ್ನು ಆಡಿಕೊಳ್ಳಲು ಅವರಿಗೆ ಬೇರೆ ನೆಪವೇ ಬೇಕಿಲ್ಲ. "ಇವರ ಗೋಲ್‌ಕೀಪರ್ ಸೀನಿದ್ರೆ ಸಾಕು, ಚೆಂಡು ಆ ಕಡೆ ಗೋಲೊಳಗೆ ಬೀಳುತ್ತೆ" ಎಂದು ಪಕ್ಕದ ಆನಾಬೆಗ್‌ನವರು ನನ್ನ ಮುಖಕ್ಕೇ ಹೇಳಿದ್ದಾರೆ. ತಂಡಕ್ಕೆ ಹದಿನೈದು ಜನ ಆಡುವ ನಮ್ಮ ಗೇಲಿಕ್ ಫುಟ್‌ಬಾಲಿನಲ್ಲಿ ಸೋಲನ್ನು ನುಂಗಬಹುದು, ಆನಾಬೆಗ್‌ನವರ ನಗುವನ್ನಲ್ಲ.

ಕ್ಲಬ್ಬಿಗೆ ಈ ವರ್ಷ ನೂರು ತುಂಬಿತು. ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದ ನಾನು, ಅಟ್ರಾಕ್ಟಾ ಗಿಲ್ಹೂಲಿ, ಇದರ ಕಾರ್ಯದರ್ಶಿ. ನೂರರ ನೆನಪಿಗೆ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಬರೆಯಲು ಏನು ಮಹಾ ಇತ್ತು? 1958ರಲ್ಲಿ ಗೆದ್ದ ಒಂದೇ ಒಂದು ಕಪ್, ಉಳಿದಂತೆ ಸೋಲು, ಕೆಲಸ ಹುಡುಕಿ ಹಡಗು ಹತ್ತಿದವರ ಹೆಸರು, ಮತ್ತೆ ಸೋಲು. ಈಗಂತೂ ಹದಿನೈದು ಜನರನ್ನು ಕೂಡಿಸುವುದೇ ಹೆಣಗಾಟ. ಹೋದ ವರ್ಷ ಎರಡು ಸಲ ಹದಿಮೂರೇ ಮಂದಿ ಇಳಿದು ಆಡಿದರು.

ಹಳೆಯ ನಡಾವಳಿ ಪುಸ್ತಕಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. 1926ರಿಂದ ಹಿಡಿದು ಅರವತ್ತೈದು ವರ್ಷ, ಪ್ರತಿ ವಾರ್ಷಿಕ ಸಭೆಯ ಮೊದಲ ನಿರ್ಣಯ ಒಂದೇ: "ಕೆಳಗಿನ ಗೆರೆ ಇದ್ದಲ್ಲೇ ಇರತಕ್ಕದ್ದು." ಸರ್ವಾನುಮತ. ಕಾರಣ ಬರೆದಿಲ್ಲ. ಕೈಬರಹ ಬದಲಾಗುತ್ತದೆ, ಶಾಯಿ ಬದಲಾಗುತ್ತದೆ, ಮಾತು ಮಾತ್ರ ಬದಲಾಗುವುದಿಲ್ಲ. ಹಳೆಯ ಕಾಲದ ಗಂಡಸರ ಹಟ ಎಂದುಕೊಂಡು ನಾನು ಹಾಳೆ ಮಗುಚಿದೆ.

ಕೆಳಗಿನ ಗೆರೆ ಅಂದರೆ ಮೈದಾನದ ಕೆಳತುದಿಯ ಗೋಲಿನ ಗೆರೆ. ಅದರ ಆಚೆ, ಎಡ ಮೂಲೆಯಲ್ಲಿ, ಕರಿಮುಳ್ಳಿನ ಪೊದೆ, ತುರಿಕೆಸೊಪ್ಪು, ನಡುವೆ ಅಲ್ಲಲ್ಲಿ ಮುಷ್ಟಿಗಾತ್ರದ ಕಲ್ಲುಗಳು. ಚೆಂಡು ಅಲ್ಲಿಗೆ ಹೋದರೆ ನಮ್ಮ ಹುಡುಗರು ಬೂಟು ಬಿಚ್ಚಿಟ್ಟೇ ಒಳಗೆ ಕಾಲಿಡುತ್ತಾರೆ. ಮಳೆಯಿರಲಿ, ಮಂಜಿರಲಿ, ಆಟ ಮುಗಿಯಲು ಒಂದೇ ನಿಮಿಷವಿರಲಿ. ಎದುರಾಳಿಗಳು "ಟೈಮ್ ತಿಂತಿದಾರೆ ರೆಫರೀ!" ಎಂದು ಬೊಬ್ಬೆ ಹೊಡೆಯುತ್ತಾರೆ. ಯಾಕೆ ಬಿಚ್ಚುತ್ತೀರಿ ಎಂದರೆ ನಮ್ಮವರು ಹೆಗಲು ಕುಣಿಸುತ್ತಾರೆ. ಅವರಪ್ಪಂದಿರು ಬಿಚ್ಚುತ್ತಿದ್ದರು, ಅಷ್ಟೇ.

ನಮ್ಮಪ್ಪ ಮಾರ್ಟಿನ್ ನಲವತ್ತು ವರ್ಷ ಆ ಮೈದಾನಕ್ಕೆ ಸುಣ್ಣದ ಗೆರೆ ಎಳೆದವನು. ಕೆಳಗಿನ ಗೆರೆ ಎಳೆಯುವಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅಮ್ಮ ಡೆಲಿಯಾ ಒಂದು ಪಂದ್ಯವನ್ನೂ ತಪ್ಪಿಸಿದವಳಲ್ಲ, ಆದರೆ ಒಂದನ್ನೂ ನೋಡಿದವಳೂ ಅಲ್ಲ. ಅವಳ ಕಾರು ಆ ಮುಳ್ಳಿನ ಮೂಲೆಗೇ ನಿಲ್ಲಬೇಕು. ಗಾಜು ಏರಿಸಿ, ಜಪಸರ ಹಿಡಿದು, ಕೊನೆಯ ಸೀಟಿ ಊದುವವರೆಗೂ ಒಳಗೇ ಕೂರುತ್ತಾಳೆ. ಈಗ ತೊಂಬತ್ತೆರಡು. ಈಗಲೂ ಹಾಗೆಯೇ, ಓಡಿಸುವುದು ಮಾತ್ರ ನಾನು. "ಡೆಲಿಯಾ ನೋಡಿದಷ್ಟು ಮ್ಯಾಚು ಊರಲ್ಲಿ ಯಾರೂ ನೋಡಿಲ್ಲ, ಸ್ಕೋರು ಮಾತ್ರ ಅವಳನ್ನ ಕೇಳ್ಬೇಡಿ" ಎಂಬುದು ಊರಿನ ಹಳೆಯ ತಮಾಷೆ. ನಾನೂ ಅದಕ್ಕೆ ನಕ್ಕಿದ್ದೇನೆ. ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಯಾಕೆಂದರೆ ಆ ಮೂಲೆಯನ್ನು ಅಗೆಸಲು ಹೊರಟವಳು ನಾನೇ. ಗಿಡ್ಡ ಮೈದಾನದಲ್ಲಿ ಮುಂದಿನ ವರ್ಷದಿಂದ ಲೀಗ್ ಪಂದ್ಯ ಆಡಿಸುವುದಿಲ್ಲ ಎಂದು ಮೇಲಿನವರ ಕಾಗದ ಬಂದಿತ್ತು. ಮೈದಾನ ಉದ್ದವಾಗದಿದ್ದರೆ ನಮ್ಮ ಹುಡುಗರು ತಮ್ಮ ಊರಿನ ಪಂದ್ಯವನ್ನು ಆನಾಬೆಗ್‌ನಲ್ಲಿ ಆಡಬೇಕು. ನನ್ನ ಮೈಯೆಲ್ಲ ಉರಿಯಿತು. ಅರ್ಜಿ ಬರೆದೆ, ಅನುದಾನ ತಂದೆ, ಜೆಸಿಬಿ ಗೊತ್ತು ಮಾಡಿದೆ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸಭೆ, ಸೋಮವಾರ ಅಗೆತ.

ಅದಕ್ಕೂ ಮುಂಚಿನ ಬುಧವಾರ ಬೆಳಿಗ್ಗೆ ಅಳತೆಗೆಂದು ಒಬ್ಬಳೇ ಹೋದೆ. ಮಂಜು ಗೋಲುಕಂಬಗಳ ಅರ್ಧವನ್ನು ನುಂಗಿತ್ತು. ಟೇಪಿನ ತುದಿ ಹಿಡಿಯಲು ಯಾರೂ ಇಲ್ಲದ್ದರಿಂದ ಗೆರೆಯ ಮೇಲೆ ಗೂಟ ಹೊಡೆದು ಅದಕ್ಕೆ ಸಿಕ್ಕಿಸಿ, ಮುಳ್ಳಿನ ಬೇಲಿಯ ತನಕ ನಡೆದೆ. ಬೂಟು ಬಿಚ್ಚಲಿಲ್ಲ. ನಾನೇನು ಆಟಗಾರ್ತಿಯೇ? ಹನ್ನೊಂದು ಹೆಜ್ಜೆ ಸರಿಯಾಗಿತ್ತು. ಬೇಲಿಯ ಬಳಿ ನಿಂತು ತಿರುಗಿ ನೋಡಿದರೆ ಗೂಟ ಅಡ್ಡ ಬಿದ್ದಿದೆ, ಟೇಪಿನ ತುದಿ ಅದರಿಂದ ಕಳಚಿದೆ. ಆದರೂ ಇಡೀ ಟೇಪು ನೆಲದಿಂದ ಒಂದು ಮೊಳ ಮೇಲೆ ಬಿಗಿಯಾಗಿ ನಿಂತಿತ್ತು. ಮಗುವೊಂದು ತುದಿ ಹಿಡಿದು ನಿಂತರೆ ಎಷ್ಟು ಎತ್ತರವೋ ಅಷ್ಟು. ಮೆಲ್ಲಗೆ ಎಳೆದೆ. ಆ ಕಡೆಯಿಂದಲೂ ಮೆಲ್ಲಗೆ ಎಳೆತ. ಆಮೇಲೆ, ಆಟ ಸಾಕಾದವರಂತೆ, ಬಿಟ್ಟುಬಿಟ್ಟರು.

ತುರಿಕೆಸೊಪ್ಪಿಗೆ ಸಿಕ್ಕಿಕೊಂಡಿರಬೇಕು ಎಂದು ಗಟ್ಟಿಯಾಗಿ ಹೇಳಿಕೊಂಡೆ. ನಾನು ದೆವ್ವ ಪಿಶಾಚಿ ನಂಬುವವಳಲ್ಲ. ಆದರೆ ಟೇಪು ಸುತ್ತಿಕೊಳ್ಳದೆ, ಗೂಟವನ್ನೂ ಅಲ್ಲೇ ಬಿಟ್ಟು ಕಾರು ಹತ್ತಿದೆ.

ಮನೆಗೆ ಬಂದು ಚಹಾ ಮಾಡಿ, ಅಮ್ಮನಿಗೆ ಬ್ರೆಡ್ಡಿಗೆ ಬೆಣ್ಣೆ ಸವರಿಕೊಡುತ್ತ, ಬೇರೇನಾದರೂ ಮಾತಾಡಿದರೆ ಮನಸ್ಸು ಹಗುರಾದೀತೆಂದು ಹೇಳಿದೆ: "ಸೋಮವಾರ ಜೆಸಿಬಿ ಬರುತ್ತಮ್ಮ. ಇನ್ಮೇಲೆ ನಿನ್ನ ಕಾರು ಬೇರೆ ಕಡೆ ನಿಲ್ಲಿಸ್ಬೇಕು. ಆ ಮೂಲೆ ಪೂರ್ತಿ ತೆಗೀತಾರೆ."

ಅಮ್ಮ ಬ್ರೆಡ್ಡನ್ನು ತಟ್ಟೆಗೆ ವಾಪಸ್ಸಿಟ್ಟಳು.

"ಅಲ್ಲಿ ನಿಮ್ಮಣ್ಣ ಇದ್ದಾನೆ ಕಣೇ," ಅಂದಳು.

ನನಗೆ ಅಣ್ಣ ಇರಲಿಲ್ಲ. ನಾನೇ ಹಿರಿಯಳು ಎಂದು ಅರವತ್ತೈದು ವರ್ಷ ನಂಬಿದ್ದೆ. ಬೆಣ್ಣೆಯ ಚಾಕು ಹಿಡಿದುಕೊಂಡೇ ಅವಳ ಎದುರಿನ ಕುರ್ಚಿಯಲ್ಲಿ ಕೂತೆ.

"ಐವತ್ತೇಳನೇ ಇಸವಿ, ನವೆಂಬರು. ಹುಟ್ಟೋವಾಗ್ಲೇ ಉಸಿರಿರ್ಲಿಲ್ಲ. ಜ್ಞಾನಸ್ನಾನದ ನೀರು ಬೀಳದ ಮಗೂಗೆ ಚರ್ಚಿನ ಮಣ್ಣು ಇಲ್ಲ ಅನ್ನೋದು ಆಗಿನ ಕಟ್ಟಳೆ. ನಂಗೆ ಮುಖಾನೂ ತೋರಿಸ್ಲಿಲ್ಲ. ನಿಮ್ಮಪ್ಪ ಚಹಾ ಪೆಟ್ಟಿಗೇಲಿ ಇಟ್ಕೊಂಡು, ಬೆಳಕು ಹರಿಯೋಕೆ ಮುಂಚೆ ಸಲಿಕೆ ತಗೊಂಡು ಹೋದ. ವಾಪಸ್ ಬಂದು ಒಂದೇ ಮಾತು ಹೇಳಿದ. 'ಮೈದಾನದ ಮೂಲೇಲಿ ಇದ್ದಾನೆ ಡೆಲಿಯಾ. ಗೆರೆ ಅವನ ಮೇಲೆ ಹೋಗದ ಹಾಗೆ ನಾನು ನೋಡ್ಕೋತೀನಿ.' ಆಮೇಲೆ ಆ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಆ ಗಂಡಸ್ರು ಅಲ್ಲಿ ಬೂಟು ಬಿಚ್ಚೋದು ನೋಡಿದಾಗೆಲ್ಲ, ಊರಿಗೆಲ್ಲ ನನ್ನ ವಿಷಯ ಗೊತ್ತಾಗಿದೆ ಅಂತ ಮೈ ಹಿಡಿಯಾಗ್ತಿತ್ತು. ಅದಕ್ಕೇ ಕಾರಿಂದ ಇಳೀತಿರ್ಲಿಲ್ಲ. ಆದ್ರೆ ಅವನೊಬ್ಬನನ್ನೇ ಬಿಟ್ಟು ಮನೇಲೂ ಕೂರೋಕಾಗ್ತಿರ್ಲಿಲ್ಲ." ಅವಳು ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಎಲ್ಲಿತ್ತೋ. "ಅಗೆಯೋದು ನಿಲ್ಸು. ನನ್ನ ಹೆಸರು ಮಾತ್ರ ಎತ್ಬೇಡ. ಆಣೆ ಮಾಡು."

ಆಣೆ ಮಾಡಿದೆ. ಮತ್ತೇನು ಮಾಡಲಿ? ನಾಲ್ಕು ರಾತ್ರಿ ನಿದ್ದೆ ಹತ್ತಲಿಲ್ಲ. ನಾನೇ ಕಟ್ಟಿದ ಯೋಜನೆಯನ್ನು ಕಾರಣ ಹೇಳದೆ ಹೇಗೆ ಕೆಡವುವುದು? ಮಲಗಿದರೆ ಅಂಗೈಯಲ್ಲಿ ಆ ಮೆಲ್ಲಗಿನ ಎಳೆತ.

ಭಾನುವಾರ ಕ್ಲಬ್ಬಿನ ಕೋಣೆ ಕಿಕ್ಕಿರಿದಿತ್ತು. ಹಂದಿಮಾಂಸದ ಸ್ಯಾಂಡ್‌ವಿಚ್ಚು, ದೊಡ್ಡ ಕೆಟಲಿನ ಚಹಾ, ಒದ್ದೆ ಕೋಟುಗಳ ವಾಸನೆ. ಅಧ್ಯಕ್ಷ ಕಾಹಲ್ ಶ್ಯಾನ್ಲಿ ನನ್ನದೇ ಹಳೆಯ ವಿದ್ಯಾರ್ಥಿ, ಮಗ್ಗಿ ಬಾರದವನು, ಮನಸ್ಸು ಒಳ್ಳೆಯದು. ನಕ್ಷೆಯನ್ನು ಗೋಡೆಗೆ ಅಂಟಿಸಿ, "ಎಲ್ಲಾ ನಮ್ಮ ಮಿಸ್ ಕೃಪೆ" ಎಂದು ಚಪ್ಪಾಳೆ ಹೊಡೆಸಿದ. ಮುಂದಿನ ಸಾಲಿನಲ್ಲಿ ಪ್ಯಾಕಿ ಬೇರ್ನ್ ಕೋಲಿನ ಮೇಲೆ ಗಲ್ಲವಿಟ್ಟು ಕೂತಿದ್ದ. ಐವತ್ತೆಂಟರ ತಂಡದಲ್ಲಿ ಉಳಿದವನು ಅವನೊಬ್ಬನೇ. ಎಲ್ಲದಕ್ಕೂ ಅಡ್ಡಗಾಲು ಹಾಕುವ ಮುದುಕ ಅಂದು ತುಟಿ ಪಿಟಕ್ಕೆನ್ನದೆ ನೆಲ ನೋಡುತ್ತಿದ್ದ.

ನಾನು ಎದ್ದು ನಿಂತೆ. "ನಾನು ಇದಕ್ಕೆ ವಿರೋಧ."

"ನಿಮ್ಮದೇ ಪ್ಲಾನಿಗಾ ಮಿಸ್?" ಕಾಹಲ್ ನಕ್ಕ. ನಾನು ನಗದೇ ಇರುವುದು ಕಂಡು ಅವನ ಬಾಯಿ ಹಾಗೇ ನಿಂತಿತು.

"ಒಂದೇ ಪ್ರಶ್ನೆ ಕೇಳ್ತೀನಿ. ಆ ಮೂಲೇಲಿ ಬೂಟು ಯಾಕೆ ಬಿಚ್ಚೋದು?"

ಹುಡುಗರು ಹೆಗಲು ಕುಣಿಸಿದರು. ಹಿಂದಿನಿಂದ ಯಾರೋ "ಕಾಲು ತುರಿಸಲಿ ಅಂತ" ಅಂದ. ಒಂದಿಬ್ಬರು ಕಿಸಕ್ಕೆಂದರು. ಆಮೇಲೆ ಕೋಣೆಯ ಹಿರಿಯರ ಮುಖಗಳು ಒಂದೊಂದಾಗಿ ಕೆಳಗೆ ಬಾಗಿದ್ದನ್ನು ನೋಡಿ ನಗು ಅಡಗಿತು.

ಪ್ಯಾಕಿ ಕೋಲೂರಿ ಎದ್ದ. ಟೋಪಿ ತೆಗೆದ. ನನ್ನನ್ನಾಗಲಿ ಕಾಹಲನನ್ನಾಗಲಿ ನೋಡಲಿಲ್ಲ.

"ಎರಡು," ಅಂದ. "ನನ್ನವು ಎರಡು. ನಾನೇ ಹೊತ್ಕೊಂಡ್ ಹೋದೆ." ಕುಳಿತುಕೊಂಡ.

ಚಹಾ ಬಸಿಯುತ್ತಿದ್ದ ವಿನಿ ಮೆಕ್‌ಹ್ಯೂ ಲೋಟ ಕೆಳಗಿಟ್ಟಳು. "ನಮ್ಮಮ್ಮನದು ಒಂದು. ಹೆಣ್ಣಂತೆ. ಸಾಯೋವಾಗ ಹೇಳಿದ್ಲು."

ಕಿಟಕಿಯ ಬಳಿಯಿಂದ, "ನಮ್ಮಜ್ಜಂದು ಮೂರು." ಬಾಗಿಲ ಬಳಿಯಿಂದ, "ಒಂದು." ಇನ್ನೊಬ್ಬ ಬಾಯಿಬಿಡಲಾರದೆ ಬೆರಳೆತ್ತಿ ತೋರಿಸಿದ. ಯಾರೂ ಹೆಸರು ಹೇಳಲಿಲ್ಲ. ಹೆಸರಿಡುವ ಮೊದಲೇ ಹೋದವು ಅವು. ನನಗೆ ಬೇರೇನೂ ತೋಚದೆ, ಕಾರ್ಯದರ್ಶಿಯ ರೂಢಿಯಂತೆ, ನಡಾವಳಿ ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಗೀಟು ಎಳೆಯುತ್ತ ಹೋದೆ. ಕೊನೆಗೆ ಕಾಹಲ್, ಅಧ್ಯಕ್ಷನ ಕುರ್ಚಿಯಿಂದಲೇ, "ನಮ್ಮನೇಲೂ ಒಂದು ಮಿಸ್. ಎಲ್ಲಿ ಅಂತ ನಂಗೆ ಗೊತ್ತಿರ್ಲಿಲ್ಲ" ಅಂದ.

ಇಪ್ಪತ್ತೆರಡು ಗೀಟಾಗಿತ್ತು. ಎಲ್ಲರೂ ಸುಮ್ಮನಾದ ಮೇಲೆ, ಬಾಯಿ ತೆರೆಯದೆ, ಇನ್ನೊಂದು ಎಳೆದೆ. ಪ್ಯಾಕಿ ಅದನ್ನು ನೋಡಿದ. ತಲೆಯಾಡಿಸಿದ. ಅವನಿಗೆ ಮೊದಲೇ ಗೊತ್ತಿತ್ತು ಎಂದು ಆಗ ಹೊಳೆಯಿತು.

"ಹಳೇ ನಿರ್ಣಯ ಓದಿ ಮಿಸ್," ಅಂದ ಕಾಹಲ್.

ಓದಿದೆ. ಕೆಳಗಿನ ಗೆರೆ ಇದ್ದಲ್ಲೇ ಇರತಕ್ಕದ್ದು. ಕೈಗಳೆಲ್ಲ ಮೇಲೆದ್ದವು.

"ಅಂದ್ರೆ ಮುಂದಿನ ವರ್ಷ ನಾವು ಆನಾಬೆಗ್‌ನಲ್ಲಿ ಆಡೋದಾ?" ಗೋಲ್‌ಕೀಪರ್ ಹುಡುಗ ಸಣ್ಣ ದನಿಯಲ್ಲಿ ಕೇಳಿದ.

"ಆಡೋಣ," ಅಂದ ಪ್ಯಾಕಿ. "ನಗ್ಲಿ ಬಿಡು ನನ್ಮಕ್ಳು."

ಮನೆಗೆ ಬಂದಾಗ ಅಮ್ಮ ಕೋಟು ಹಾಕಿಕೊಂಡೇ ಕಿಟಕಿಯ ಬಳಿ ಕೂತಿದ್ದಳು. ಬೆಳಗಿನಿಂದ ಹಾಗೇ ಕೂತಿದ್ದಳೋ ಏನೋ.

"ನನ್ನ ಹೆಸರು ಹೇಳ್ದೆಯಾ?"

"ಇಲ್ಲಮ್ಮ."

"ಗೆರೆ?"

"ಇದ್ದಲ್ಲೇ ಇರುತ್ತೆ."

ಅವಳು ಕಣ್ಣು ಮುಚ್ಚಿದಳು. ನಾನು ಅವಳ ಕಾಲ ಬಳಿ ಕೂತು, ಪ್ಯಾಕಿಯ ಎರಡು, ವಿನಿಯ ಮನೆಯದು, ಕಾಹಲನ ಮನೆಯದು, ಎಲ್ಲವನ್ನೂ ಹೇಳಿದೆ. ಊರಿನ ಗಂಡಸರು ಬೂಟು ಬಿಚ್ಚುತ್ತಿದ್ದದ್ದು ಅವಳನ್ನು ಅಣಕಿಸಲಲ್ಲ, ಅವರವರ ಮಕ್ಕಳಿಗಾಗಿ ಎಂದೂ ಹೇಳಿದೆ.

"ಒಟ್ಟು ಎಷ್ಟು ಅಂದೆ?"

"ಇಪ್ಪತ್ಮೂರು. ನಮ್ಮವನೂ ಸೇರಿ."

ಅಮ್ಮ ಜಪಸರದ ಮಣಿಗಳ ಮೇಲೆ ಬೆರಳಾಡಿಸುತ್ತ ಎಣಿಸಿದಳು. ಎಷ್ಟೋ ಹೊತ್ತು ಎಣಿಸಿದಳು.

"ಆಟಕ್ಕೆ ಹದಿನೈದು ಜನ ತಾನೇ ಬೇಕಾಗೋದು?" ಎಂದು ಕೇಳಿದಳು. ಆಟದ ಬಗ್ಗೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಹೂಂ ಅಮ್ಮ. ಹದಿನೈದು."

"ಅವನೊಬ್ನೇ ಇದ್ದಾನೆ ಅಂದ್ಕೊಂಡಿದ್ದೆ ಕಣೇ," ಅಂದಳು ಅಮ್ಮ. "ಇಷ್ಟು ವರ್ಷ, ಆ ಮಂಜಲ್ಲಿ, ಒಬ್ನೇ ಅಂದ್ಕೊಂಡಿದ್ದೆ."