ನೀರು ತಂದಾಕಿ

ಬೇವಿನ ಸೊಪ್ಪಿನ ಹೊಗೆಯಲ್ಲಿ ಕೆಂಪು ಬಾಳೆ ಹಣ್ಣಾಗುವ ವಾಸನೆ ಎಂದರೆ ಪಾರ್ವತೀಬಾಯಿಗೆ ಹುಟ್ಟಿದೂರು ಕಮಲಾಪುರ, ಪರಕಾರ ಉಟ್ಟು ಓಡಾಡಿದ ಬಾಲ್ಯ. ಇವತ್ತು ಅದೇ ಊರಿನ ಗೆಳತಿ ಜಾಹೇದಾಳ ಅಂಗಳದಲ್ಲಿ ಕೂತಿದ್ದರೂ ಅದನ್ನು ನೆನೆದು ಸುಖಪಡುವಷ್ಟು ಸಮಾಧಾನ ಅವಳಿಗಿರಲಿಲ್ಲ. ಕಲಬುರಗಿಯಿಂದ ಅವಳನ್ನು ಕಾರಿನಲ್ಲಿ ಕರೆತಂದ ಜಾನಪದ ವಿದ್ವಾಂಸ ವಿವೇಕಾನಂದ, ಅಚ್ಚಿಗೆ ಹೋಗಲಿರುವ ತನ್ನ ಪುಸ್ತಕದ ಪುಟ ಓದುತ್ತಿದ್ದ.

"'ನೀರು ತಂದವಳಿಗೆ ಹೆಸರಿಲ್ಲ, ಕುಲವಿಲ್ಲ. ಆಕೆ ನಿಸ್ಸಂಶಯವಾಗಿ ಜಲದೇವತೆ.'"

ಪಾರ್ವತೀಬಾಯಿ ಹಣೆ ಚಚ್ಚಿಕೊಂಡಳು. "ಎಲ್ಲೀ ದೇವತಿ ರೀ? ಅಕಿ ಈ ಜಾಹೇದಾನ ಮುತ್ತಜ್ಜಿ!"

"ನೀವು ಹಂಗ ಹೇಳಲೇ ಇಲ್ಲಲ್ರೀ ಬಾಯಾರ."

"ನಾ ಹ್ಯಾಂಗ ಹೇಳ್ಲಿ?"

ಕಮಲಾಪುರದ ಈ ಓಣಿ ಹುಟ್ಟಿದ ಕಥೆ ಎರಡು ಮನೆಗಳದು. ಗಾಡಿಯ ಅಚ್ಚು ಮುರಿದು ಬಯಲಿನಲ್ಲಿ ಒಲೆ ಹೂಡಿದವಳ ಪಾಲು ಪಾರ್ವತೀಬಾಯಿಯ ತವರಿನದು. ಅವಳಿಗೆ ನೀರಿನ ಕೊಡ ಹೊತ್ತು ತಂದವಳ ಪಾಲು ಜಾಹೇದಾಳ ಮನೆಯದು. ಯಾವ ಮನೆಗೆ ಸೊಸೆ ಬಂದರೂ ಎರಡೂ ಮನೆಯ ಒಬ್ಬೊಬ್ಬರು ಎದುರುಬದುರು ಕೂತು ಹೇಳಬೇಕು. ಕಥೆ ಹೇಳಲು ಕೂತಾಗ ಒಬ್ಬರ ಪಾಲನ್ನು ಇನ್ನೊಬ್ಬರು ಬಾಯಿಗೆ ತರುವಂತಿಲ್ಲ. ಹೋದ ತಿಂಗಳು ಕಲಬುರಗಿಯ ಖೂಬಾ ಪ್ಲಾಟಿನ ಪಾರ್ವತೀಬಾಯಿಯ ಮನೆಯಲ್ಲಿ ಧ್ವನಿ ಮುದ್ರಿಸಿಕೊಳ್ಳುವಾಗ, ದನಿ ಕಲಸಿಹೋಗುತ್ತದೆಂದು, ಜೊತೆಗೆ ಹೇಳಲು ಬಂದಿದ್ದ ಜಾಹೇದಾಳನ್ನು ಹೊರಗಿನ ಕೋಣೆಗೆ ಕಳಿಸಿದವನು ಇವನೇ. ಪಾರ್ವತೀಬಾಯಿ ತನ್ನ ಪಾಲು ಮುಗಿಸಿ ಎದ್ದಿದ್ದಳು. ಕಥೆಯೇ ಮುಗಿಯಿತೆಂದು ಇವನೂ ಎದ್ದಿದ್ದ.

"ಎಷ್ಟೋ ಮೂಲಕಥೆಗಳಲ್ಲಿ ನೀರು ತರೋದು ದೇವತೀನೇ. ಅದೊಂದು ಪ್ರತೀಕ..."

"ನಮ್ಮ ಮುತ್ತಜ್ಜಿಗಿ ಮೊಳಕಾಲ ಬ್ಯಾನಿ ಇತ್ತಂತ್ರೀ ಸರ್," ಎಂದಳು ಜಾಹೇದಾ. "ಪ್ರತೀಕಕ್ಕ ಬ್ಯಾನಿ ಇರ್ತದೇನ್ರೀ?"

ಪಾರ್ವತೀಬಾಯಿಗೆ ನಗು ಬರಲಿಲ್ಲ. ನಾಳೆ ಇದು ಅಚ್ಚಾದರೆ ಮೊಮ್ಮಕ್ಕಳು ಪುಸ್ತಕವನ್ನೇ ನಂಬುತ್ತವೆ. ಗೆಳತಿಯ ಮನೆತನ ಓಣಿಯ ಕಥೆಯಿಂದಲೇ ಹೊರಗೆ ಬೀಳುತ್ತದೆ.

"ಈಗ ಬದಲಿ ಮಾಡಾಕ ಬರಂಗಿಲ್ರೀ. ಪ್ರೆಸ್ಸಿನವರು..."

"ಹಂಗಾದ್ರ ನನ್ನ ಪಾಲೂ ತಗದು ಹಾಕ್ರಿ," ಎಂದಳು ಪಾರ್ವತೀಬಾಯಿ. "ಅರ್ಧಾ ಓಣಿ ಛಾಪಿಸಬ್ಯಾಡ್ರಿ."

ವಿವೇಕಾನಂದ ಪುಟ ಮಡಿಸಿದ. ಬಿಚ್ಚಿದ. ಎದ್ದು ಬಾಗಿಲಾಚೆ ಬಿಸಿಲಿನಲ್ಲಿ ನಿಂತು ಪ್ರೆಸ್ಸಿಗೆ ಫೋನ್ ಮಾಡಿದ. ಆ ಕಡೆಯವರ ಬೈಗುಳ ಅಂಗಳದವರೆಗೂ ಕೇಳಿತು. "ಇಲ್ರೀ, ಅವರದಲ್ಲ, ತಪ್ಪು ನಂದೇ," ಎಂದು ಇವನು ಮತ್ತೆ ಮತ್ತೆ ಹೇಳುವುದೂ ಕೇಳಿತು. ಬೈಸಿಕೊಳ್ಳುವಾಗ ನೆಪ ಹುಡುಕಲಿಲ್ಲವಲ್ಲ ಎಂದುಕೊಂಡಳು ಪಾರ್ವತೀಬಾಯಿ.

ಒಳಗೆ ಬಂದವನು ಇಬ್ಬರ ನಡುವೆ ಧ್ವನಿ ಮುದ್ರಿಸುವ ಯಂತ್ರ ಇಟ್ಟು, ತಾನೂ ನೆಲಕ್ಕೆ ಕೂತ. "ಹೇಳ್ರಿ."

ಜಾಹೇದಾ ಶುರು ಮಾಡಲಿಲ್ಲ. ಅವನ ಒಣಗಿದ ತುಟಿಗಳನ್ನೊಮ್ಮೆ ನೋಡಿ, ಸೊಂಟ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ನೆಂಚಿಕೊಳ್ಳಲು ಅಂಚಿಗಿಷ್ಟು ಶೇಂಗಾ ಹಿಂಡಿ ಹಾಕಿ ತಂದ ತಟ್ಟೆಯನ್ನು ಅವನ ಕೈಗಿಟ್ಟು, ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟಳು.