ಮುದ್ರೆ ಇದ್ದ ಮೂಲೆ

ಮತ್ತೆ ಎಣಿಸಿದರೂ ಒಂದು ಬೆಡ್‌ಶೀಟು ಕಡಿಮೆಯೇ ಬಂತು. ಆಸ್ಪತ್ರೆಯ ಸ್ಟೋರ್ ಕೀಪರ್ ಕನ್ನಡಕವನ್ನು ಹಣೆಗೇರಿಸಿಕೊಂಡು, ಮೇಜಿನ ಆಚೆ ನಿಂತಿದ್ದ ಅವಳನ್ನು ನೋಡಿದ. ಗಂಡ ಸತ್ತು ಎರಡು ತಿಂಗಳಾಗಿರುವ ಹೆಂಗಸಿನ ಮುಂದೆ ‘ಕಳೆದುಹೋಗಿದೆ’ ಎಂಬ ಮಾತು ಆಡಲು ಅವನಿಗೆ ಮುಜುಗರವಾಗಿರಬೇಕು. ಆದರೆ ಅವನ ಕೆಲಸದಲ್ಲಿ ಆ ಮಾತಿಗೆ ಬದಲಿ ಮಾತಿರಲಿಲ್ಲ.

“ಗಂಡಸರ ವಾರ್ಡಿಂದು. ಇಪ್ಪತ್ತೇಳನೇ ನಂಬರು,” ಅಂದ. “ಕಳೆದಿದ್ದೋ, ಹರಿದಿದ್ದೋ?”

“ನಮ್ಮನೇಲಿದೆ.”

ಸ್ಟೋರ್ ಕೀಪರ್ ಪೆನ್ನು ಕೆಳಗಿಟ್ಟ. ಇಪ್ಪತ್ತೇಳನೇ ಹಾಸಿಗೆ ಯಾರದಾಗಿತ್ತು ಎಂಬುದು ಅವನಿಗೆ ಆಗ ನೆನಪಾಯಿತು.

ಆ ಆಸ್ಪತ್ರೆಯ ಬಟ್ಟೆ ಒಗೆಯುವ ಗುತ್ತಿಗೆ ಅವಳ ಗಂಡನದು. ಹೊಟ್ಟೆನೋವೆಂದು ಸೇರಿದವನು ತಾನೇ ಒಗೆದು ಇಸ್ತ್ರಿ ಮಾಡಿದ ಶೀಟಿನ ಮೇಲೆ ಮಲಗಿ, ಅದರ ಅಂಚನ್ನು ಬೆಳಕಿಗೆ ಹಿಡಿದು, “ನೀಲಿ ಸ್ವಲ್ಪ ಹೆಚ್ಚಾಯ್ತು ಕಣೆ, ನಿನ್ ಕೈ ದೊಡ್ಡದು” ಎಂದು ಅವಳನ್ನು ರೇಗಿಸಿದ್ದ. ನರ್ಸೂ ನಕ್ಕಿದ್ದಳು. ನಾಲ್ಕನೆಯ ದಿನ ಅದೇ ಶೀಟು ಹೊದಿಸಿ ಅವನನ್ನು ಮನೆಗೆ ಕಳಿಸಿದರು. “ಶೀಟು ಮುಂದಿನ ಗಂಟಿನ ಜೊತೆ ತಂದುಬಿಡಿ” ಎಂದು ವಾರ್ಡಿನ ಆಳು ಹೇಳಿದ್ದ. ಅವಳು ತಲೆಯಾಡಿಸಿದ್ದಳು. ಆ ದಿನ ಅವಳು ಎಲ್ಲದಕ್ಕೂ ತಲೆಯಾಡಿಸಿದ್ದಳು.

“ಪಾಪ, ಬೇಕಂತ ತಗೊಂಡು ಹೋಗಿದ್ದಲ್ಲ, ಗೊತ್ತು,” ಸ್ಟೋರ್ ಕೀಪರ್ ಅಂದ. “ಆದ್ರೆ ವಾರ್ಡಿನವರು ಒಗೆಯೋಕೆ ಕೊಟ್ಟಿದ್ದೀವಿ ಅಂತ ಬರೆದು ಕೈ ತೊಳ್ಕೊಂಡಿದ್ದಾರೆ. ಒಗೆಯೋರ ಕೈಗೆ ಬಂದಮೇಲೆ ಹೊಣೆ ಗುತ್ತಿಗೆದಾರರದ್ದು. ಇಲ್ಲ, ರೋಗಿ ಕಡೆಯವರು ಒಯ್ದರು ಅಂತ ಬರೆಯೋಣ ಅಂದ್ರೆ, ರೋಗಿ ಕಡೆಯವರೂ ನೀವೇ. ಯಾವ ಕಡೆ ಬರೆದ್ರೂ ಬಂದು ನಿಮ್ಮ ಬಾಗಿಲಲ್ಲೇ ನಿಲ್ಲುತ್ತೆ.”

“ಅದರ ದುಡ್ಡು ಕಟ್ತೀನಿ.”

“ಅಲ್ಲೇ ಇರೋದು ಕಷ್ಟ. ದುಡ್ಡು ಕಟ್ಟಿದ್ರೆ ಕಳೆದಿದ್ದನ್ನ ಒಪ್ಪಿಕೊಂಡ ಹಾಗೆ. ಸರ್ಕಾರದ ಸ್ವತ್ತು ಕಳೆದವರ ಹೆಸರಿಗೆ ಗುತ್ತಿಗೆ ಮುಂದುವರಿಸಿ ಅಂತ ನಾನು ಮೇಲಕ್ಕೆ ಕಳಿಸೋ ಹಾಗಿಲ್ಲ. ಮಷಿನ್ ಲಾಂಡ್ರಿಯವರು ಬಂದು ಬಂದು ಹೋಗ್ತಿದ್ದಾರೆ. ಅವರಿಗೆ ಇಷ್ಟೇ ನೆಪ ಸಾಕು.” ಆಮೇಲೆ ದನಿ ತಗ್ಗಿಸಿದ. “ನಾಳೆ ಸಾಯಂಕಾಲದೊಳಗೆ ತಂದುಬಿಡಿ. ಒಗೆದು ತನ್ನಿ. ನಾನು ಇವತ್ತು ಎಣಿಸಿಲ್ಲ ಅಂದ್ಕೊಳ್ಳಿ.”

ಅವಳು ಆಗಲೂ ತಲೆಯಾಡಿಸಿದಳು. ಮೇಜಿನ ಮೂಲೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದು ಬಾಯಿ ತೆರೆದುಕೊಂಡಿತ್ತು. ಅದರ ತುಂಬ ಬಟ್ಟೆಯ ಚೂರುಗಳು, ಎಲ್ಲವೂ ಅಂಗೈಯಷ್ಟು ಅಗಲ, ಎಲ್ಲದರ ಮೇಲೂ ಆಸ್ಪತ್ರೆಯ ಕಪ್ಪು ಮುದ್ರೆ. ಎಷ್ಟು ಕುದಿಸಿದರೂ ಹೋಗದ ಶಾಯಿ ಅದು. ಬಳಸಿ ಬಳಸಿ ಹರಿದ ಶೀಟಿನ ಮುದ್ರೆ ಇರುವ ಮೂಲೆಯನ್ನು ತಂದುಕೊಟ್ಟರೆ ಅದು ಸವೆದದ್ದು, ಸರ್ಕಾರದ ನಷ್ಟ. ಮೂಲೆ ಇಲ್ಲದಿದ್ದರೆ ಕಳೆದದ್ದು, ಒಗೆಯುವವರ ನಷ್ಟ. ಆಸ್ಪತ್ರೆಯ ಬಟ್ಟೆ ಮುಟ್ಟಿದವರೆಲ್ಲ ಮೊದಲು ಕಲಿಯುವ ಪಾಠ ಅದು. ಅವಳು ಡಬ್ಬಿಯನ್ನು ನೋಡಿದಳಾದರೂ ಅವಳಿಗೆ ಏನೂ ಹೊಳೆಯಲಿಲ್ಲ.

ಈಚೆಗೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಏಳುತ್ತಿದ್ದಳು, ಒಲೆಯ ಮೇಲೆ ಹಂಡೆ ಇಡುತ್ತಿದ್ದಳು, ರಕ್ತದ ಕಲೆಯವನ್ನು ತಣ್ಣೀರಿಗೂ ಉಳಿದವನ್ನು ಬಿಸಿನೀರಿಗೂ ಹಾಕುತ್ತಿದ್ದಳು. ನೆರೆಯವರು ಗಟ್ಟಿಗಿತ್ತಿ ಎಂದು ಹೊಗಳಿದರು. ಗಟ್ಟಿಯೇನಲ್ಲ, ಮರಗಟ್ಟಿದ್ದಳು. ಬಿಸಿನೀರಿನಲ್ಲಿ ಕೈ ಅದ್ದಿದರೆ ಕೈ ಕೆಂಪಾಗುತ್ತಿತ್ತು, ಅಷ್ಟೇ. ಬಿಸಿ ಎನ್ನುವುದು ಎಲ್ಲೋ ಪಕ್ಕದ ಮನೆಯ ಮಾತಿನ ಹಾಗೆ ಕೇಳಿಸುತ್ತಿತ್ತು. ಅಳು ಬಂದಿರಲಿಲ್ಲ. ಬಾರದ್ದಕ್ಕೆ ಮೊದಲು ನಾಚಿಕೆಯಾಗಿತ್ತು, ಆಮೇಲೆ ಅದೂ ನಿಂತಿತು.

ಒಂದೇ ಒಂದು ಕೆಲಸ ಮಾತ್ರ ಸರಿಯಾಗಿ ಸಾಗುತ್ತಿರಲಿಲ್ಲ. ಒಣಗಿದ ಶೀಟು ಮಡಿಸಲು ಇಬ್ಬರು ಬೇಕು. ಎರಡು ತುದಿಗಳಲ್ಲಿ ನಿಂತು ಜಗ್ಗಿ ನೆರಿಗೆ ಬಿಡಿಸಿ, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಗಂಡನಿಗೆ ಅದರಲ್ಲೊಂದು ಆಟ. ಎರಡು ಸಲ ಮೆಲ್ಲಗೆ ಜಗ್ಗಿ, ಮೂರನೆಯದನ್ನು ಜೋರಾಗಿ ಜಗ್ಗುತ್ತಿದ್ದ. ಇವಳು ಒಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸಬೇಕು, ಅವನು ನಗಬೇಕು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಶೀಟೋ, ಒಂದರಲ್ಲೂ ಅವನು ಆ ಮೂರನೆಯದನ್ನು ಮರೆತವನಲ್ಲ, ಅವಳು ಬೈಯುವುದನ್ನು ಮರೆತವಳಲ್ಲ. ಈಗ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ ಮಡಿಸುತ್ತಿದ್ದಳು. ಸರಳು ಜಗ್ಗುವುದಿಲ್ಲ. ಮಡಿಕೆ ಒಂದು ಬೆರಳು ಓರೆಯಾಗಿಯೇ ಬರುತ್ತಿತ್ತು.

ಮನೆಗೆ ಬಂದು ಹಂಡೆಗೆ ಉರಿ ಹಾಕಿ ಒಳಗೆ ಹೋದಾಗ ಅತ್ತೆ ಒಳಕೋಣೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮಗ ಹೋದಂದಿನಿಂದ ಅವರು ಹೊದೆಯುವುದು ಆ ಶೀಟನ್ನೇ. ಬಟ್ಟೆ ಒಗೆಯುವವರ ಮನೆಯಲ್ಲಿ ಒಗೆಯದೆ ಉಳಿದಿದ್ದ ಬಟ್ಟೆ ಅದೊಂದೇ. ಮುದ್ರೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಗದ್ದದ ಕೆಳಗೆ ಇಟ್ಟುಕೊಂಡು ಮಲಗುವುದು ಅವರ ರೂಢಿಯಾಗಿತ್ತು. ಊಟ ಮಾಡಿ ಎಂದರೆ ಮಾಡುತ್ತಿದ್ದರು, ಏಳಿ ಎಂದರೆ ಏಳುತ್ತಿದ್ದರು, ಮತ್ತೆ ಬಂದು ಅದನ್ನು ಹೊದ್ದುಕೊಳ್ಳುತ್ತಿದ್ದರು. ಅತ್ತೆ ಸೊಸೆಯರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ.

“ಅತ್ತೆ, ಆ ಶೀಟು ಬೇಕು,” ಅಂದಳು.

ಅತ್ತೆ ತಿರುಗಲಿಲ್ಲ. “ಯಾಕೆ?”

“ಆಸ್ಪತ್ರೆಯವರು ಕೇಳ್ತಿದ್ದಾರೆ. ಲೆಕ್ಕದಲ್ಲಿ ಕಡಿಮೆ ಬಂದಿದೆ. ನಾಳೆ ಕೊಡದೆ ಇದ್ರೆ ಗುತ್ತಿಗೆ ಬೇರೆಯವರ ಪಾಲಾಗುತ್ತೆ.”

“ಇದು ನನ್ ಮಗಂದು.”

“ಸರ್ಕಾರದ್ದು ಅತ್ತೆ.”

“ಅವನನ್ನ ನಾವು ಅವರ ಕೈಗೆ ಒಪ್ಪಿಸಿದ್ವಲ್ಲ. ನಡ್ಕೊಂಡು ಹೋಗಿದ್ದ. ಅವನು ಯಾರ ಲೆಕ್ಕದಲ್ಲಿ ಕಡಿಮೆ ಬಂದ?”

ಅವಳು ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಳು. ಕಿತ್ತುಕೊಂಡರೆ ಬರುತ್ತದೆ, ಮುದುಕಿಯ ಕೈಯಲ್ಲಿ ಎಷ್ಟು ಶಕ್ತಿ ಇದ್ದೀತು ಎಂದುಕೊಂಡಳು. ಗುತ್ತಿಗೆ ಹೋದರೆ ಹಂಡೆ, ಕಲ್ಲು, ಇಸ್ತ್ರಿಪೆಟ್ಟಿಗೆ ಎಲ್ಲ ಮಾರಿ ಇನ್ನೊಬ್ಬರ ಮನೆಯ ಪಾತ್ರೆ ತಿಕ್ಕಬೇಕು ಎಂದೂ ಅಂದುಕೊಂಡಳು. ಎರಡೂ ಯೋಚನೆಗಳು ಒಂದೇ ತೂಕದವಾಗಿದ್ದವು. ಎರಡರಿಂದಲೂ ಅವಳಿಗೆ ಏನೂ ಆಗಲಿಲ್ಲ.

“ನಾನು ಕಿತ್ಕೊಳ್ಳಲ್ಲ ಅತ್ತೆ,” ಅಂದಳು. “ನೀವು ಏನ್ ಹೇಳಿದ್ರೆ ಅದು. ಹೋದ್ರೆ ಹೋಗ್ಲಿ.”

ಹೊರಗೆ ಹಂಡೆಯ ನೀರು ಕುದಿದು ಮುಚ್ಚಳ ತಟಪಟ ಎನ್ನುತ್ತಿತ್ತು.

ಅತ್ತೆ ಗೋಡೆ ಹಿಡಿದು ಎದ್ದು ಕುಳಿತರು. ಮಂಡಿ ಕೈಕೊಡುವವರೆಗೆ ಮೂವತ್ತು ವರ್ಷ ಅದೇ ಕಲ್ಲಿನ ಮುಂದೆ ನಿಂತು ಒಗೆದ ಹೆಂಗಸು. ಗುತ್ತಿಗೆ ಮೊದಲು ಬಂದದ್ದೇ ಅವರ ಕೈಗುಣದಿಂದ. ಶೀಟನ್ನು ತೊಡೆಯ ಮೇಲೆ ಎಳೆದುಕೊಂಡು ಮುದ್ರೆ ಇದ್ದ ಮೂಲೆಯನ್ನು ಹರವಿ ನೋಡಿದರು.

“ಮೂಲೆ ಕೊಟ್ರೆ ಈಗ್ಲೂ ತಗೋತಾರಾ?”

“ತಗೋತಾರೆ. ಡಬ್ಬೀಲಿ ಹಾಕ್ಕೋತಾರೆ.”

ಅವಳು ಕತ್ತರಿ ತರಲು ಎದ್ದಳು. “ಕತ್ತರಿ ಬೇಡ,” ಅತ್ತೆ ಅಂದರು. “ಕತ್ತರಿಸಿದ್ದು ನೋಡಿದ್ರೆ ಗೊತ್ತಾಗುತ್ತೆ. ಹರೀಬೇಕು.”

ಅಂಚಿನ ಹೊಲಿಗೆಗೆ ಬಾಯಿ ಹಾಕಿ, ದವಡೆಯಲ್ಲಿ ಉಳಿದಿದ್ದ ಹಲ್ಲುಗಳಿಂದ ಕಚ್ಚಿದರು. ಒಂದು ಎಳೆ ಬಿಟ್ಟಿತು. ಎರಡೂ ಕೈಯಿಂದ ಹಿಡಿದು ಸೆಳೆದರು. ಗಟ್ಟಿ ಬಟ್ಟೆ ಅದು, ಮಗನೇ ಜೋಪಾನ ಮಾಡಿದ್ದು, ಸುಲಭಕ್ಕೆ ಬಗ್ಗಲಿಲ್ಲ. ಇನ್ನೊಮ್ಮೆ ಸೆಳೆದಾಗ ಪರ್ರೆಂದು ಸೀಳಿತು. ಅಡ್ಡಕ್ಕೆ ಮತ್ತೆ ಹಲ್ಲು ಹಾಕಿ ಮೂಲೆಯನ್ನು ಬೇರೆ ಮಾಡಿ, ಸೊಸೆಯ ಕೈಗಿಟ್ಟರು. ಅದು ಅವರ ಎಂಜಲಿನಿಂದ ಒದ್ದೆಯಾಗಿತ್ತು.

“ಸುಳ್ಳು ಹೇಳ್ಬೇಡ. ಹರಿದಿದೆ ಅನ್ನು. ಹರಿದಿದೆಯಲ್ಲ.”

ಉಳಿದ ಶೀಟನ್ನು ಹೊದ್ದು ಮತ್ತೆ ಗೋಡೆಯ ಕಡೆ ಮಲಗಿದರು. ಗದ್ದದ ಕೆಳಗಿನ ಮುಷ್ಟಿಗೆ ಹಿಡಿಯಲು ಮೂಲೆ ಸಿಗಲಿಲ್ಲ. ಬೆರಳುಗಳು ಸ್ವಲ್ಪ ಹೊತ್ತು ಹುಡುಕಿ, ಸೀಳಿದ ಅಂಚಿನ ನೂಲನ್ನು ಹಿಡಿದುಕೊಂಡವು.

ಅವಳು ಆ ಚೂರನ್ನು ಹೊರಗೆ ತಂದು ಒಗೆದಳು. ಅಂಗೈಯಷ್ಟು ಬಟ್ಟೆಗೆ ಒಂದು ಬಕೆಟ್ ನೀರು. ಸೋಪು ಹಾಕಿದಳು, ಜಾಲಿಸಿದಳು, ನೀಲಿ ಅದ್ದಿದಳು. ಅದ್ದುವಾಗ ಕೈ ತಾನಾಗಿಯೇ ತಡೆದು, ಇಷ್ಟು ಸಾಕು ಎಂದಿತು. ಎರಡು ಕ್ಲಿಪ್ಪು ಹಾಕಲು ಜಾಗ ಸಾಲದೆ ಒಂದೇ ಹಾಕಿ, ಉದ್ದನೆಯ ಬರಿದಾದ ಹಗ್ಗದ ನಡುವೆ ಅದನ್ನು ನೇತುಹಾಕಿದಳು. ಒಣಗಿದ ಮೇಲೆ ಇಸ್ತ್ರಿಯನ್ನೂ ಮಾಡಿದಳು.

ಮರುದಿನ ಸ್ಟೋರ್ ಕೀಪರ್ ಆ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. ಮುದ್ರೆ ಸರಿ, ನಂಬರು ಸರಿ. ಇಡೀ ಶೀಟು ಮನೆಯಲ್ಲಿದೆ ಎಂದು ನಿನ್ನೆ ಅವಳ ಬಾಯಿಂದಲೇ ಕೇಳಿದ್ದ. ಬಟ್ಟೆಯ ಅಂಚಿನಲ್ಲಿ ಹಲ್ಲಿನ ಗುರುತು ಸಣ್ಣ ಸಣ್ಣ ತೂತುಗಳಾಗಿ ಉಳಿದಿತ್ತು. ಅವನು ಅವಳ ಮುಖ ನೋಡಿದ. ನೋಡಿ ಏನು ತಿಳಿದುಕೊಂಡನೋ.

“ಹರಿದಿದ್ದಾ?” ಎಂದ.

“ಹರಿದಿದೆ.”

“ಹರಿದ ಚೂರಿಗೂ ಇಸ್ತ್ರಿ ಮಾಡಿ ತಂದವರನ್ನ ನಾನು ಇದೇ ಮೊದಲು ನೋಡ್ತಿರೋದು.”

“ಅಭ್ಯಾಸ.”

ಚೂರು ಡಬ್ಬಿಗೆ ಬಿತ್ತು. ಅವನು ಗುತ್ತಿಗೆ ಮುಂದುವರಿಸುವ ಕಾಗದ ಮುಂದಕ್ಕೆ ತಳ್ಳಿ ರುಜು ಎಲ್ಲಿ ಎಂದು ತೋರಿಸಿದ. ‘ಗುತ್ತಿಗೆದಾರ’ ಎಂದು ಅಚ್ಚಾಗಿದ್ದ ಕಡೆ, ಏನೋ ಯೋಚಿಸಿ, ಪೆನ್ನಿನಿಂದ ‘ರು’ ಸೇರಿಸಿದ. “ಈಗ ಸರಿಹೋಯ್ತು,” ಅಂದ. ಆಮೇಲೆ ಒಳಗೆ ಹೋಗಿ ಹೊಸ ಶೀಟೊಂದನ್ನು ತಂದ. ಸವೆದದ್ದಕ್ಕೆ ಬದಲಿ. ಒಳಗೇ ಅದೇ ನಂಬರಿನ ಮುದ್ರೆ ಒತ್ತಿಸಿ ತಂದಿದ್ದ. “ಹೊಸದು, ಗಂಜಿ ಬಹಳ ಇದೆ. ಒಂದ್ಸಲ ಒಗೆದು ವಾರ್ಡಿಗೆ ಕೊಡಿ. ಇಪ್ಪತ್ತೇಳು ಖಾಲಿ ಇಲ್ಲ, ಬೆಳಗ್ಗೆ ಯಾರೋ ಬಂದಿದ್ದಾರೆ.”

ಮಧ್ಯಾಹ್ನದ ಬಿಸಿಲಿಗೆ ಹೊಸ ಶೀಟು ಬೇಗ ಒಣಗಿತು. ಕ್ಲಿಪ್ಪು ತೆಗೆದು ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತುತ್ತಿದ್ದಾಗ ಬಾಗಿಲಲ್ಲಿ ಅತ್ತೆ ನಿಂತಿರುವುದು ಕಾಣಿಸಿತು. ಎರಡು ತಿಂಗಳಲ್ಲಿ ಅವರು ಹೊರಗೆ ಬಂದಿರಲೇ ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಶೀಟನ್ನು ನೋಡಿದರು.

“ಯಾರದು?”

“ಹೊಸದು ಅತ್ತೆ. ಇನ್ನೂ ಯಾರದೂ ಅಲ್ಲ.”

ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಕಿಟಕಿಯ ಹತ್ತಿರ ಬಂದು, ಸರಳಿಗೆ ಸುತ್ತಿದ್ದನ್ನು ನೋಡಿ, “ಇದ್ಯಾವ ಥರ ಮಡಿಸೋದು,” ಎಂದು ಗೊಣಗಿ ಸುತ್ತು ಬಿಚ್ಚಿದರು. ಎರಡು ಮೂಲೆಗಳನ್ನು ಎರಡು ಕೈಯಲ್ಲಿ ಹಿಡಿದು, ಕುಂಟುತ್ತಾ ಹಿಂದೆ ಹಿಂದೆ ನಡೆದು, ಶೀಟು ಬಿಗಿಯಾಗುವಷ್ಟು ದೂರ ಹೋಗಿ ನಿಂತರು. ಅವಳು ಇತ್ತ ತುದಿ ಹಿಡಿದುಕೊಂಡಳು.

ಅತ್ತೆ ಮೆಲ್ಲಗೆ ಒಂದು ಸಲ ಜಗ್ಗಿದರು. ಮತ್ತೊಂದು ಸಲ ಮೆಲ್ಲಗೆ. ಮೂರನೆಯದು ಜೋರಾಗಿ ಬಂತು.

ಅವಳು ಒಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದಳು.

ಗಂಡ ಅದನ್ನು ಎಲ್ಲಿ ಕಲಿತಿದ್ದ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಬಟ್ಟೆಯ ಉದ್ದಕ್ಕೂ ಸಾಗಿ ಬಂದ ಆ ಜಗ್ಗು ಅವಳ ಮಣಿಕಟ್ಟಿಗೆ ತಾಗಿತು, ತಾಗಿದ್ದು ಗೊತ್ತಾಯಿತು, ನೋವಾಯಿತು. ಈಗ ನಡೆದು ಹೋಗಿ ಎದುರಿನ ಕೈಗೆ ಮೂಲೆ ಕೂಡಿಸಬೇಕು. ಕಾಲು ಏಳಲಿಲ್ಲ. ಶೀಟನ್ನು ಬಿಡಲೂ ಆಗದೆ, ಬಿಗಿಯಾಗಿ ಹಿಡಿದುಕೊಂಡು ನಿಂತುಬಿಟ್ಟಳು.

ಅತ್ತೆ ಆ ತುದಿಯಲ್ಲಿ ಕಾದರು. ಕಾದು, ಕುಂಟುತ್ತಾ ತಾವೇ ಒಂದೊಂದೇ ಹೆಜ್ಜೆ ಹತ್ತಿರ ಬಂದರು. ನಡುವೆ ಶೀಟು ಜೋತು ನೆಲ ಮುಟ್ಟುವಂತಾಯಿತು.

“ನೆಲಕ್ಕೆ ತಾಗುತ್ತೆ ಕಣೆ,” ಅಂದರು. ಕೈ ಚಾಚಿದರು. “ಮೂಲೆ ಕೊಡು.”