ಮೈದಾ ಅಂಟಿನ ಹಾಳೆ

ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿಡುವ ಸಂಗ್ರಹಾಲಯದಲ್ಲಿ ಮಗಳಿಗೆ ಕೆಲಸ. ಅಲ್ಲೇ ನಲವತ್ತು ವರ್ಷ ದುಡಿದು ನಿವೃತ್ತನಾದ ಅಪ್ಪನಿಗೆ ಒಂದೇ ಹಟ. ಹಿಂದೆ ಬೆಟ್ಟದಿಂದ ತಾನು ತಂದ ಬಳ್ಳಿ ಮಲ್ಲಿಗೆಯ ಸಂಬಂಧಿ ಎಂದು ಅವನು. ಅಲ್ಲ, ಕಾಫಿಯ ಸಂಬಂಧಿ ಎಂದು ಆಗಿನ ಮೇಲಧಿಕಾರಿ. ಸಿಕ್ಕಿದ್ದು ಒಂದು ಹಾಳೆಗಾಗುವಷ್ಟು ಎಲೆ, ಹುಳು ತಿಂದು ಬಿಟ್ಟ ಎರಡು ಮೊಗ್ಗು. ಜಗಳಕ್ಕೆ ಅಷ್ಟು ಧಾರಾಳವಾಗಿ ಸಾಕಾಯಿತು. ಆಮೇಲೆ ಬೆಟ್ಟ ಕಲ್ಲುಗಣಿಯಾಯಿತು, ಮೇಲಧಿಕಾರಿ ತೀರಿಕೊಂಡರು. ಅಪ್ಪ ಜಗಳವನ್ನು ಒಬ್ಬನೇ ಮುಂದುವರಿಸಿದ.

ಅಂತೂ ಡಿಎನ್‌ಎ ಓದುವ ಯಂತ್ರ ಬಂತು. ತನ್ನ ಕಣ್ಣು ಪೂರ್ತಿ ಮಂಜಾಗುವುದರೊಳಗೆ ಇತ್ಯರ್ಥವಾಗಲಿ ಎಂದು ಅಪ್ಪ ದುಂಬಾಲು ಬಿದ್ದ. ಅವನೇ ಗೆಲ್ಲಲಿ ಎಂದು ಮಗಳಿಗೂ ಒಳಗೊಳಗೇ ಆಸೆ. ಹಾಳೆಗೆ ಅಂಟಿದ್ದ ಎಲೆಯ ತುದಿ ಚಿವುಟಿ, ಅರೆದು, ಯಂತ್ರಕ್ಕೆ ಕೊಟ್ಟಳು. ವರದಿ ಬಂತು. ಅತಿ ಹತ್ತಿರದ ಸಂಬಂಧಿ: ಗೋಧಿ.

ಅಪ್ಪ ಎರಡು ದಿನ ಯಂತ್ರವನ್ನು ಬೈದುಕೊಂಡ. ಮೂರನೆಯ ದಿನ ಊಟಕ್ಕೆ ಕೂತಿದ್ದಾಗ ಅವನ ಕೈ ತಟ್ಟೆಯಲ್ಲೇ ನಿಂತಿತು.

"ಆ ವರ್ಷ ಆಫೀಸಲ್ಲಿ ಗೋಂದು ಮುಗಿದಿತ್ತು ಕಣೇ. ನಿಮ್ಮಮ್ಮ ಮೈದಾ ಕುದಿಸಿ ಅಂಟು ಮಾಡಿಕೊಟ್ಟಿದ್ಲು."

ಅಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು. ಮಗಳು ಲೋಟ ಎತ್ತಿ ನೀರು ಕುಡಿದಳು.

ಹಾಳೆಯ ಮೂಲೆಯ ಕಾಗದದ ಪೊಟ್ಟಣದಲ್ಲಿ ಅಂಟು ತಾಗದ ಎಲೆಚೂರುಗಳಿದ್ದವು. ಅವನ್ನು ಅರೆದಳು. ಕಾಫಿ ಎಂದು ಬಂತು. ಯಂತ್ರದ ಮೇಲೆ ಅನುಮಾನಪಟ್ಟು ಮತ್ತೊಮ್ಮೆ ಮಾಡಿದಳು. ಕಾಫಿಯೇ.

ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಆ ಮನುಷ್ಯ ಬದುಕಿದ್ದಿದ್ರೆ ಹೋಗಿ ಒಪ್ಕೊಂಡು ಬರ್ತಿದ್ದೆ" ಎಂದ ಅಪ್ಪ.

ಇದು ಶುದ್ಧ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಹಾಳೆಯ ಮೇಲೆ ಗಿಡದ ಹೆಸರು ಬರೆದು ಅಂಟಿಸಿದ ಹಳೆಯ ಚೀಟಿಯನ್ನು, ತಪ್ಪಾಗಿದ್ದರೂ, ಕೀಳುವಂತಿಲ್ಲ. ಪಕ್ಕದಲ್ಲಿ ತಿದ್ದುಪಡಿಯ ಚೀಟಿ ಅಂಟಿಸಬೇಕು. ಸಂಗ್ರಹಾಲಯದ ಪದ್ಧತಿ ಅದು. ಮಾರನೆಯ ಬೆಳಿಗ್ಗೆ ಅಪ್ಪ ಒಂದು ಸ್ಟೀಲ್ ಡಬ್ಬಿ ಹಿಡಿದು ಅಲ್ಲಿಗೆ ಬಂದ. ಒಳಗೆ ತಾನೇ ಕುದಿಸಿದ ಮೈದಾ ಅಂಟು, ಬರೀ ಗಂಟು. ಅಂಥದ್ದನ್ನು ಈಗ ಹೊಸ್ತಿಲು ದಾಟಿಸುವಂತಿರಲಿಲ್ಲ. ಪರೀಕ್ಷೆ ಕೆಡುತ್ತದೆ ಎಂದು ಆ ನಿಯಮ ಬರೆದವಳು ಮಗಳೇ. ಅವಳು ಎದ್ದು, ಅಪ್ಪನನ್ನು ಒಳಗೆ ಕರೆದುಕೊಂಡು, ಬಾಗಿಲು ಹಾಕಿದಳು. ಅಪ್ಪ ತಡಕಾಡಿಕೊಂಡು ಅಂಟು ಬಳಿದ, ಅವಳು ಚೀಟಿ ಒತ್ತಿದಳು. ಒಣಗಿದ ಮೇಲೆ ಅದರ ಮೇಲೆ ದುಂಡಗೆ ಬರೆದಳು:

"ಕಾಫಿ ಕುಟುಂಬ. ಮುಂದೆ ಪರೀಕ್ಷಿಸುವವರ ಗಮನಕ್ಕೆ: ಗೋಧಿ ಎಂದು ಬಂದರೆ ಅದು ಗಿಡವಲ್ಲ, ನಮ್ಮಮ್ಮ."